ನೂರಾರು ಮುಖಚಿತ್ರ, ಒಂದೇ ಅಳತೆ: ಕ್ರಾಪ್ ಎಲ್ಲಿ ತಪ್ಪುತ್ತದೆ, ಹೇಗೆ ಹಿಡಿಯುವುದು

ಜೂನ್ ಬಂತೆಂದರೆ ಕಲಬುರಗಿಯ ಡಿಟಿಪಿ ಅಂಗಡಿಗಳಿಗೆ ಶಾಲೆಗಳ ಐಡಿ ಕಾರ್ಡ್ ಕೆಲಸ ಶುರುವಾಗುತ್ತದೆ. ಸೂಪರ್ ಮಾರ್ಕೆಟ್ ಹತ್ತಿರದ ನಮ್ಮ ಅಂಗಡಿಗೂ ಒಂದೊಂದು ಶಾಲೆಯಿಂದ ನಾಲ್ಕುನೂರು, ಐದುನೂರು ಫೋಟೋ ಬರುತ್ತವೆ. ಕೆಲವು ಕ್ಯಾಮೆರಾದಲ್ಲಿ ತೆಗೆದವು, ಕೆಲವು ಮೊಬೈಲಿನವು. ಫೋಟೋ ದಿನ ಬಾರದ ಮಕ್ಕಳದ್ದು ವಾಟ್ಸಾಪ್‌ನಲ್ಲಿ ಬರುತ್ತದೆ. ಎಲ್ಲವನ್ನೂ 35×45 ಮಿಲಿಮೀಟರಿಗೆ ತರಬೇಕು. ಒಂದೊಂದಾಗಿ ಕೂತು ಮಾಡಿದರೆ ಎರಡು ದಿನ ಹೋಗುತ್ತದೆ. ಹಾಗಾಗಿ ಎಲ್ಲರೂ ಬ್ಯಾಚ್ ಹಾಕುತ್ತೇವೆ, ಅಂದರೆ ಎಲ್ಲಾ ಫೋಟೋಗಳಿಗೂ ಒಂದೇ ಆದೇಶ ಕೊಟ್ಟು ಒಟ್ಟಿಗೆ ಮಾಡಿಸುತ್ತೇವೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಒಂದು ವರ್ಷ 460 ಕಾರ್ಡ್ ಮಾಡಿ ಕೊಟ್ಟಿದ್ದೆ. ಮೂರನೇ ದಿನ ಒಬ್ಬ ತಾಯಿ ಕಾರ್ಡ್ ಹಿಡಿದುಕೊಂಡು ಅಂಗಡಿಗೇ ಬಂದರು. "ಅಣ್ಣಾ, ಇದು ನಮ್ಮ ಹುಡುಗಿ ಮಾರಿ ಅಲ್ರಿ. ಉಬ್ಬಿದಂಗ ಕಾಣ್ತದ ನೋಡ್ರಿ" ಅಂದರು. ಫೋಟೋ ಅವರ ಮಗಳದ್ದೇ. ಮುಖ ಮಾತ್ರ ಅಗಲವಾಗಿತ್ತು. ಆ ಮಗುವನ್ನು ನಾನು ಯಾವತ್ತೂ ನೋಡಿರಲಿಲ್ಲ, ಆದ್ದರಿಂದ ನನ್ನ ಕಣ್ಣಿಗೆ ತಪ್ಪು ಕಂಡಿರಲಿಲ್ಲ. ತಾಯಿಗೆ ಒಂದೇ ನೋಟಕ್ಕೆ ಕಂಡಿತು. ಮಗು ಆ ಕಾರ್ಡನ್ನು ವರ್ಷಪೂರ್ತಿ ಕೊರಳಲ್ಲಿ ಹಾಕಿಕೊಂಡು ಓಡಾಡಬೇಕು. ಆಗಿನಿಂದ ಇದನ್ನು ಸಣ್ಣ ತಪ್ಪು ಅಂತ ಬಿಡಲು ನನ್ನಿಂದ ಆಗಿಲ್ಲ. ಇಲ್ಲಿ ಬರೆದದ್ದೆಲ್ಲ ಆ ಮೇಲೆ ಕಲಿತದ್ದು.

ಮೊದಲು ಮಾಡಬೇಕಾದ್ದು

ಕೆಟ್ಟ ಫೋಟೋ ಕಂಡ ಕೂಡಲೇ ಅದನ್ನು ಕೈಯಿಂದ ಸರಿ ಮಾಡಲು ಹೋಗಬೇಡಿ. ಕೆಟ್ಟವನ್ನೆಲ್ಲ ಒಂದು ಬೇರೆ ಫೋಲ್ಡರಿಗೆ ಹಾಕಿ. ಇವುಗಳಲ್ಲಿ ಏನು ಒಂದೇ ಥರ ಇದೆ ಅಂತ ನೋಡಿ. ಬ್ಯಾಚ್‌ನಲ್ಲಿ ತಪ್ಪು ಒಂಟಿಯಾಗಿ ಬರುವುದು ತುಂಬಾ ಕಡಿಮೆ. ಗುಂಪಾಗಿಯೇ ಬರುತ್ತದೆ. ಆ ಗುಂಪು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇದಕ್ಕೆ ಹೊಸ ಸಾಫ್ಟ್‌ವೇರ್ ಏನೂ ಬೇಡ. ವಿಂಡೋಸ್‌ನಲ್ಲಿ ಮೂಲ ಫೋಟೋಗಳ ಫೋಲ್ಡರ್ ತೆರೆದು 'ಡೀಟೇಲ್ಸ್' ನೋಟಕ್ಕೆ ಹೋಗಿ. ಮೇಲಿನ ಕಾಲಂ ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ 'ಡೈಮೆನ್ಶನ್ಸ್' ಸೇರಿಸಿ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಒಂದೇ ಅಳತೆಯ ಫೋಟೋಗಳೆಲ್ಲ ಒಟ್ಟಿಗೆ ಬರುತ್ತವೆ. 4000×6000 ಇದ್ದರೆ ಕ್ಯಾಮೆರಾ. 3000×4000 ಇದ್ದರೆ ಮೊಬೈಲ್. 1200×1600 ಇದ್ದರೆ ಬಹುತೇಕ ವಾಟ್ಸಾಪ್‌ನಿಂದ ಬಂದದ್ದು. ನಿಮ್ಮ ಕೆಟ್ಟ ಫೋಟೋಗಳು ಇದರಲ್ಲಿ ಯಾವ ಗುಂಪಿಗೆ ಸೇರುತ್ತವೆ ಅಂತ ನೋಡಿ. ಅಳತೆಯಿಂದ ಗುಂಪು ಸಿಗದಿದ್ದರೆ ತರಗತಿಯಿಂದ ನೋಡಿ, ಅದೂ ಆಗದಿದ್ದರೆ ಫೈಲ್ ಹೆಸರಿನಿಂದ ನೋಡಿ.

ಇನ್ನೊಂದು ಮಾತು. ಮೂಲ ಫೋಟೋಗಳ ನಕಲು ಮಾಡಿಟ್ಟುಕೊಂಡೇ ಬ್ಯಾಚ್ ಹಾಕಿ. ಆದೇಶ ಬರೆದು ಫೋಟೋ ಬದಲಿಸುವ ಇಮೇಜ್‌ಮ್ಯಾಜಿಕ್ ಪ್ರೋಗ್ರಾಂನ 'ಮೊಗ್ರಿಫೈ' ಆದೇಶಕ್ಕೆ ಬೇರೆ ಫೋಲ್ಡರ್ ತೋರಿಸದಿದ್ದರೆ ಅದು ಮೂಲ ಫೈಲಿನ ಮೇಲೆಯೇ ಬರೆದುಬಿಡುತ್ತದೆ. ಮಕ್ಕಳನ್ನು ಮತ್ತೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಿರಿ ಅಂತ ಶಾಲೆಗೆ ಹೇಳುವುದು ಯಾರಿಗೂ ಬೇಡ.

ಮುಖ ಅಗಲವಾಗಿದೆ, ಇಲ್ಲವೇ ಸಪೂರವಾಗಿದೆ

ಆ ತಾಯಿ ತಂದ ಕಾರ್ಡಿನ ದೋಷ ಇದೇ. ಇದು ಕ್ರಾಪ್ (ಅಂಚು ಕತ್ತರಿಸುವುದು) ಅಲ್ಲ, ಎಳೆದದ್ದು. 35×45ರಲ್ಲಿ ಅಗಲ 7 ಪಾಲು ಇದ್ದರೆ ಎತ್ತರ 9 ಪಾಲು. ಕ್ಯಾಮೆರಾದ ಉದ್ದ ಫೋಟೋ 2ಕ್ಕೆ 3. ಮೊಬೈಲಿನದು 3ಕ್ಕೆ 4. ಯಾವುದೂ 7ಕ್ಕೆ 9 ಅಲ್ಲ. ಬ್ಯಾಚ್‌ನಲ್ಲಿ ಅಗಲ 413, ಎತ್ತರ 531 ಅಂತ ಬರೆದು 'ಪ್ರಮಾಣ ಉಳಿಸು' ಎನ್ನುವ ಟಿಕ್ ತೆಗೆದರೆ ಪ್ರೋಗ್ರಾಂ ಏನನ್ನೂ ಕತ್ತರಿಸುವುದಿಲ್ಲ. ಸುಮ್ನೆ ಹಿಗ್ಗಿಸಿ, ಕುಗ್ಗಿಸಿ ಹೇಳಿದ ಅಳತೆಗೆ ಕೂರಿಸುತ್ತದೆ. (300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕೆಯ ಪ್ರಿಂಟಿಗೆ, 35 ಮಿಲಿಮೀಟರ್ ಅಂದರೆ 413 ಪಿಕ್ಸೆಲ್, 45 ಅಂದರೆ 531.)

ಎಷ್ಟು ಅಗಲವಾಗಿದೆ ಅನ್ನುವುದರಿಂದಲೇ ಫೋಟೋ ಎಲ್ಲಿಂದ ಬಂತು ಅಂತ ಹೇಳಬಹುದು. ಮೊಬೈಲಿನ 3ಕ್ಕೆ 4 ಫೋಟೋ ಸುಮಾರು 3.7% ಮಾತ್ರ ಅಗಲವಾಗುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಕ್ಯಾಮೆರಾದ 2ಕ್ಕೆ 3 ಫೋಟೋ ಆರರಲ್ಲಿ ಒಂದು ಪಾಲು, ಅಂದರೆ ಹತ್ತಿರ ಹತ್ತಿರ 17% ಅಗಲವಾಗುತ್ತದೆ. ಅಂಥ ಮುಖ ಊದಿಕೊಂಡಂತೆ ಕಾಣುತ್ತದೆ. 9ಕ್ಕೆ 16ರ ಫೋಟೋ, ಅಂದರೆ ಹಳೆಯ ಮೊಬೈಲಿನ ಪೂರ್ತಿ ಪರದೆಯ ಫೋಟೋ, 38% ಹಿಗ್ಗುತ್ತದೆ. ಚೌಕ ಫೋಟೋ ಹಾಕಿದರೆ ಉಲ್ಟಾ. ಮುಖ ಸಪೂರವಾಗಿ ಉದ್ದ ಕಾಣುತ್ತದೆ.

ಇರ್ಫಾನ್‌ವ್ಯೂ ಬಳಸುವವರು ಬ್ಯಾಚ್‌ನ ಅಡ್ವಾನ್ಸ್ಡ್ ಕಿಟಕಿಯಲ್ಲಿ ಪ್ರಮಾಣ ಉಳಿಸುವ ಟಿಕ್ ಇದೆಯೇ ನೋಡಿ. ಇಮೇಜ್‌ಮ್ಯಾಜಿಕ್‌ನಲ್ಲಿ ಅಳತೆಯ ಕೊನೆಗೆ ! ಗುರುತು ಹಾಕಿದ್ದರೆ ಅದನ್ನು ತೆಗೆಯಿರಿ. ಆ ಗುರುತಿನ ಅರ್ಥವೇ 'ಪ್ರಮಾಣ ನೋಡಬೇಡ, ಎಳೆ' ಅಂತ.

ಎರಡು ಬದಿ ಬಿಳಿ ಪಟ್ಟಿ

ಇದು ನನ್ನ ಒಂದು ಇಡೀ ಸಂಜೆಯನ್ನು ತಿಂದ ದೋಷ. ಎಲ್ಲಾ ಫೈಲೂ ಸರಿಯಾಗಿ 413×531 ಇದ್ದವು. ಪರದೆಯ ಮೇಲೆ ಏನೂ ತಪ್ಪು ಕಾಣಲಿಲ್ಲ, ಯಾಕೆಂದರೆ ಮಕ್ಕಳ ಹಿಂದೆ ಬಿಳಿ ಗೋಡೆ. ಪ್ರಿಂಟ್ ತೆಗೆದಾಗ ಭುಜಗಳು ಅಂಚಿಗೆ ಮುಟ್ಟುವ ಮೊದಲೇ ಚಾಕುವಿನಿಂದ ಕತ್ತರಿಸಿದಂತೆ ನಿಂತಿದ್ದವು. ಕ್ಯಾಮೆರಾ ಫೋಟೋಗಳಲ್ಲಿ ಒಂದೊಂದು ಬದಿಗೆ ಸುಮಾರು 30 ಪಿಕ್ಸೆಲ್ ಬಿಳಿ. ಮೊಬೈಲಿನವುಗಳಲ್ಲಿ ಏಳೆಂಟು ಪಿಕ್ಸೆಲ್.

ಕಾರಣ ಹೀಗಿದೆ. ಇಮೇಜ್‌ಮ್ಯಾಜಿಕ್‌ನಲ್ಲಿ ಅಳತೆಯ ಕೊನೆಗೆ ^ ಗುರುತು ಹಾಕಿದರೆ ಫೋಟೋ ಆ ಚೌಕಟ್ಟನ್ನು ಪೂರ್ತಿ ತುಂಬುವಷ್ಟು ದೊಡ್ಡದಾಗಿ ಬರುತ್ತದೆ. ಆಮೇಲೆ 'ಎಕ್ಸ್‌ಟೆಂಟ್' ಹೆಚ್ಚಾದದ್ದನ್ನು ಕತ್ತರಿಸುತ್ತದೆ. ಗುರುತು ಇಲ್ಲದಿದ್ದರೆ ಫೋಟೋ ಚೌಕಟ್ಟಿನ ಒಳಗೆ ಕೂರುವಷ್ಟು ಚಿಕ್ಕದಾಗುತ್ತದೆ. ಆಗ ಅದೇ ಎಕ್ಸ್‌ಟೆಂಟ್ ಉಳಿದ ಜಾಗಕ್ಕೆ ಬಿಳಿ ತುಂಬುತ್ತದೆ. ನಾನು ^ ಹಾಕಿದ್ದೆ. ಹಾಕಿದ್ದನ್ನು ಹತ್ತು ಸಲ ನೋಡಿಕೊಂಡಿದ್ದೆ. ಆದರೆ ಆದೇಶ ಬರೆಯುವ ಕಿಟಕಿಯಾದ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ಗೆ ಆ ಗುರುತಿಗೆ ತನ್ನದೇ ಬೇರೆ ಅರ್ಥ ಇದೆ. ಅದು ಗುರುತನ್ನು ತಾನೇ ನುಂಗಿ, ಬರೀ ಅಳತೆಯನ್ನು ಮುಂದೆ ಕಳಿಸುತ್ತದೆ. ಅಳತೆಯನ್ನು ಜೋಡಿ ಉದ್ಧರಣ ಚಿಹ್ನೆಯ ಒಳಗೆ ಬರೆಯಿರಿ, ಇಲ್ಲವೇ ^^ ಅಂತ ಎರಡು ಸಲ ಹಾಕಿ. ಪವರ್‌ಶೆಲ್‌ನಲ್ಲಿ ಈ ತೊಂದರೆ ಇಲ್ಲ.

ಪರೀಕ್ಷೆ ಮಾಡಲು ಒಂದು ಸುಲಭ ದಾರಿ: ಹಿನ್ನೆಲೆ ಬಣ್ಣವನ್ನು ಬಿಳಿಯ ಬದಲು ಕೆಂಪು ಅಂತ ಕೊಟ್ಟು ಹತ್ತು ಫೋಟೋ ಓಡಿಸಿ. ಪಟ್ಟಿ ಇದ್ದರೆ ಕೆಂಪಾಗಿ ಕಣ್ಣಿಗೆ ರಾಚುತ್ತದೆ. ನಾನು ಈಗಲೂ ಪ್ರತಿ ಹೊಸ ಕೆಲಸಕ್ಕೆ ಮೊದಲು ಇದನ್ನು ಮಾಡುತ್ತೇನೆ.

ತಲೆ ಕತ್ತರಿಸಿದೆ, ಗದ್ದ ಕತ್ತರಿಸಿದೆ, ಮುಖ ಒಂದೊಂದು ಸೈಜ್

ಜಾಸ್ತಿ ದೂರು ಬರುವುದು ಇಲ್ಲೇ. ಕಾರಣಗಳೂ ಜಾಸ್ತಿ.

ಮೊದಲು ಕತ್ತರಿಸಿದ ಫೋಟೋಗಳು ಯಾವ ತರಗತಿಯವು ಅಂತ ನೋಡಿ. ಒಂದು ಶಾಲೆಯ ಕೆಲಸದಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಕೂದಲು ಹೋಗಿತ್ತು. ಒಂದು, ಎರಡನೇ ತರಗತಿಯವರ ಗದ್ದ ಹೋಗಿತ್ತು. ನಡುವಿನ ತರಗತಿಗಳವರು ಚೆನ್ನಾಗಿಯೇ ಇದ್ದರು. ಸಾಫ್ಟ್‌ವೇರಿನಲ್ಲಿ ಎಷ್ಟು ಹುಡುಕಿದರೂ ಸಿಗದ ದೋಷ ಅದು. ಫೋಟೋ ತೆಗೆದವರು ಟ್ರೈಪಾಡನ್ನು ಬೆಳಿಗ್ಗೆ ಒಂದು ಎತ್ತರಕ್ಕೆ ನಿಲ್ಲಿಸಿ ಮಧ್ಯಾಹ್ನದವರೆಗೆ ಅಲ್ಲಾಡಿಸಿರಲಿಲ್ಲ. ಎತ್ತರದ ಮಕ್ಕಳ ತಲೆ ಚೌಕಟ್ಟಿನ ಮೇಲಂಚಿಗೆ, ಪುಟ್ಟ ಮಕ್ಕಳ ಮುಖ ಕೆಳಗೆ. ನಡುವಿನಿಂದ ಕ್ರಾಪ್ ಮಾಡಿದರೆ ಎರಡೂ ಕಡೆಯವರು ಕೆಡುತ್ತಾರೆ ಅಲ್ವಾ? ಇದಕ್ಕೆ ಪರಿಹಾರ ಸರಳ. ತರಗತಿಗೊಂದು ಫೋಲ್ಡರ್ ಮಾಡಿ, ಪ್ರತಿ ಫೋಲ್ಡರಿಗೂ ಬೇರೆ ಬೇರೆ ಜಾಗದಿಂದ ಕ್ರಾಪ್ ಕೊಡಿ. ಹತ್ತು ಬ್ಯಾಚ್ ಆಗುತ್ತದೆ, ಆದರೂ 460 ಫೋಟೋ ಕೈಯಿಂದ ಮಾಡುವುದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ.

ತಲೆ ಕತ್ತರಿಸಿದ್ದು ಎಲ್ಲಾ ತರಗತಿಯಲ್ಲೂ ಇದ್ದು, ಕ್ಯಾಮೆರಾದ ಫೋಟೋಗಳಲ್ಲಿ ಮಾತ್ರ ಇದ್ದರೆ, 'ಗ್ರಾವಿಟಿ' (ಫೋಟೋದ ಯಾವ ಭಾಗ ಉಳಿಯಬೇಕು ಅನ್ನುವ ಆಯ್ಕೆ) ನೋಡಿ. 4000×6000 ಫೋಟೋವನ್ನು 7ಕ್ಕೆ 9 ಮಾಡಲು ಎತ್ತರದಲ್ಲಿ 857 ಪಿಕ್ಸೆಲ್ ಹೋಗಲೇಬೇಕು. ನಡುವಿನಿಂದ ಅಂದರೆ ಮೇಲೆ 428, ಕೆಳಗೆ 429. ತಲೆಯ ಮೇಲೆ ಅಷ್ಟು ಜಾಗ ಬಿಟ್ಟು ಫೋಟೋ ತೆಗೆದಿರದಿದ್ದರೆ ಕೂದಲು ಹೋಯಿತು. ಗ್ರಾವಿಟಿಯನ್ನು 'ನಾರ್ತ್' ಅಂತ ಮಾಡಿದರೆ ಮೇಲಂಚು ಹಾಗೇ ಉಳಿದು ಕಡಿತವೆಲ್ಲ ಕೆಳಗಿನಿಂದ ಆಗುತ್ತದೆ. ಯೂನಿಫಾರ್ಮಿನ ಗುಂಡಿ ಒಂದು ಕಡಿಮೆ ಕಂಡರೆ ಯಾರೂ ಕೇಳುವುದಿಲ್ಲ. ಜಡೆಯ ರಿಬ್ಬನ್ ಅರ್ಧ ಹೋದರೆ ಆ ಹುಡುಗಿ ಬಂದು ಕೇಳುತ್ತಾಳೆ, ಕೇಳಬೇಕು ಕೂಡ. ಎರಡು ಜಡೆ ಮೇಲಕ್ಕೆ ಮಡಿಚಿ ಕಟ್ಟಿದ ರಿಬ್ಬನ್ ಕೆಲವೊಮ್ಮೆ ನೆತ್ತಿಗಿಂತ ಎತ್ತರ ನಿಲ್ಲುತ್ತದೆ. ತಲೆಯ ಮೇಲೆ ಜಾಗ ಬಿಡುವಾಗ ನೆತ್ತಿಯನ್ನಲ್ಲ, ರಿಬ್ಬನ್ ತುದಿಯನ್ನು ನೋಡಿ.

ಕೆಲವು ಫೋಟೋಗಳಲ್ಲಿ ಮುಖ ಪೂರ್ತಿ ಒಂದು ಮೂಲೆಗೆ ಹೋಗಿದ್ದರೆ ಕ್ರಾಪನ್ನು ಪಿಕ್ಸೆಲ್ ಲೆಕ್ಕದಲ್ಲಿ ಕೊಟ್ಟಿದ್ದೀರಿ ಅಂತಲೇ ಅರ್ಥ. 'ಎಡದಿಂದ 250, ಮೇಲಿನಿಂದ 300, ಅಲ್ಲಿಂದ 3500×4500' ಅನ್ನುವ ಲೆಕ್ಕ 4000×6000 ಫೋಟೋಗೆ ಸರಿ. 1200×1600ರ ವಾಟ್ಸಾಪ್ ಫೋಟೋಗೆ ಅದೇ ಲೆಕ್ಕ ಹಾಕಿದರೆ ಚೌಕಟ್ಟು ಫೋಟೋದಿಂದ ಹೊರಗೆ ಹೋಗುತ್ತದೆ. ಕೆಲವು ಪ್ರೋಗ್ರಾಂ ಉಳಿದಷ್ಟನ್ನೇ ಕೊಡುತ್ತವೆ, ಕೆಲವು ಖಾಲಿ ಜಾಗಕ್ಕೆ ಬಣ್ಣ ತುಂಬುತ್ತವೆ. ಮೊದಲು ಎಲ್ಲವನ್ನೂ ಒಂದೇ ಅಗಲಕ್ಕೆ ತಂದುಕೊಳ್ಳಿ, ಕ್ರಾಪ್ ಆಮೇಲೆ. ಫೋಟೋಶಾಪ್‌ನಲ್ಲಿ ಆಕ್ಷನ್ ರೆಕಾರ್ಡ್ ಮಾಡುವವರು ಶುರು ಮಾಡುವ ಮೊದಲು ರೂಲರ್ ಅಳತೆಯನ್ನು ಪಿಕ್ಸೆಲ್‌ನಿಂದ ಪರ್ಸೆಂಟಿಗೆ ಬದಲಿಸಿ. ಆಗ ಆಕ್ಷನ್ ಫೋಟೋದ ಪಾಲನ್ನು ನೆನಪಿಡುತ್ತದೆ, ಪಿಕ್ಸೆಲನ್ನಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ಕಾರ್ಡ್‌ಗಳನ್ನು ಸಾಲಾಗಿ ಇಟ್ಟರೆ ಒಬ್ಬರ ಮುಖ ದೊಡ್ಡದು, ಒಬ್ಬರದು ಚಿಕ್ಕದು ಕಾಣಬಹುದು. ಫೋಟೋದ ಅಳತೆ ಒಂದೇ ಆದರೆ ಸಾಲದು, ಮುಖದ ಅಳತೆಯೂ ಒಂದೇ ಆಗಬೇಕು. ಪಾಸ್‌ಪೋರ್ಟ್ ಫೋಟೋದ ಅಂತರರಾಷ್ಟ್ರೀಯ ನಿಯಮದಲ್ಲಿ ನೆತ್ತಿಯಿಂದ ಗದ್ದದವರೆಗೆ ಫೋಟೋದ ಎತ್ತರದ 70ರಿಂದ 80% ಇರಬೇಕು ಅಂತ ಇದೆ. ಶಾಲೆಯ ಕಾರ್ಡಿಗೆ ನಾನು 60% ಇಡುತ್ತೇನೆ, ಕಾಲರ್ ಮತ್ತು ಟೈ ಕಾಣಬೇಕು. 531ರಲ್ಲಿ ಅದು ಸುಮಾರು 320 ಪಿಕ್ಸೆಲ್.

ಒಂದು ಫೋಟೋ ತೆಗೆದುಕೊಂಡು ಲೆಕ್ಕ ತೋರಿಸುತ್ತೇನೆ. ಮೌಸನ್ನು ನೆತ್ತಿಯ ಮೇಲೆ ಇಟ್ಟಾಗ ಮೇಲಿನಿಂದ 1400, ಗದ್ದದ ಮೇಲೆ ಇಟ್ಟಾಗ 3000 ಅಂತ ತೋರಿಸಿತು. ತಲೆಯ ಎತ್ತರ 1600. ಅದು 320 ಆಗಬೇಕು, ಅಂದರೆ ಐದನೇ ಒಂದು ಪಾಲು. ಹಾಗಾದರೆ ಮೂಲ ಫೋಟೋದಲ್ಲಿ ಕ್ರಾಪ್ ಚೌಕಟ್ಟು 413ರ ಐದು ಪಟ್ಟು 2065 ಅಗಲ, 531ರ ಐದು ಪಟ್ಟು 2655 ಎತ್ತರ. ನೆತ್ತಿಯ ಮೇಲೆ ಚೌಕಟ್ಟಿನ ಹತ್ತನೇ ಒಂದು ಪಾಲು, ಸುಮಾರು 265 ಬಿಡಬೇಕು. ಆದ್ದರಿಂದ ಮೇಲಿನಿಂದ 1135ಕ್ಕೆ ಶುರು ಮಾಡಬೇಕು. ಒಂದೇ ಸ್ಟೂಲಿನ ಮೇಲೆ, ಕ್ಯಾಮೆರಾ ಅಲ್ಲಾಡಿಸದೆ ತೆಗೆದ ಒಂದು ತರಗತಿಗೆ ಈ ಲೆಕ್ಕವನ್ನು ಎರಡು ಮೂರು ಮಕ್ಕಳಿಗೆ ಮಾಡಿ ನಡುವಿನದನ್ನು ಹಿಡಿದರೆ ಸಾಕು. ಬೇರೆ ಬೇರೆ ಕಡೆಯಿಂದ ಬಂದ ಫೋಟೋಗಳಿಗೆ ಒಂದೊಂದಕ್ಕೂ ಮಾಡಬೇಕು. ಎಕ್ಸೆಲ್‌ನಲ್ಲಿ ಎರಡು ಕಾಲಂ ತುಂಬಿಸಿದರೆ ಉಳಿದದ್ದನ್ನು ಅದೇ ಹೇಳುತ್ತದೆ.

ಮುಖವನ್ನು ತಾನೇ ಹುಡುಕಿ ಕ್ರಾಪ್ ಮಾಡುವ ಪ್ರೋಗ್ರಾಂಗಳೂ ಇವೆ. ಅವುಗಳಲ್ಲಿ ಹಲವು ಪಾಲ್ ವಯೋಲಾ ಮತ್ತು ಮೈಕೆಲ್ ಜೋನ್ಸ್ 2001ರಲ್ಲಿ ಹೇಳಿದ ವಿಧಾನದ ಮೇಲೆ ನಿಂತಿವೆ. ಓಪನ್‌ಸಿವಿ ಎಂಬ ಪ್ರೋಗ್ರಾಂ ಸಂಗ್ರಹದ ಜೊತೆಗೆ ಅದು ಪುಕ್ಕಟೆ ಸಿಗುತ್ತದೆ. ಒಳ್ಳೆಯ ಉಪಕರಣ, ಆದರೆ ಎರಡು ಕಡೆ ಎಡವುತ್ತದೆ. ಅದು ಹಾಕುವ ಚೌಕ ಸುಮಾರಾಗಿ ಹಣೆಯಿಂದ ಗದ್ದದವರೆಗೆ ಇರುತ್ತದೆ, ಕೂದಲು ಅದರಲ್ಲಿ ಪೂರ್ತಿ ಸೇರುವುದಿಲ್ಲ. ಮೇಲೆ ಕೆಳಗೆ ಸಮನಾಗಿ ಜಾಗ ಕೊಟ್ಟರೆ ಮೇಲೆ ಕಡಿಮೆ ಬೀಳುತ್ತದೆ. ಎರಡನೆಯದು, ಗೋಡೆಯ ಮೇಲಿನ ಪಟಗಳು. ನಮ್ಮ ಕಡೆ ತರಗತಿಯ ಗೋಡೆಗೆ ಅಂಬೇಡ್ಕರ್, ಬಸವಣ್ಣನವರ ಫೋಟೋ ಇದ್ದೇ ಇರುತ್ತದೆ. ಮಗು ಅದರ ಕೆಳಗೆ ನಿಂತಿದ್ದರೆ ಪ್ರೋಗ್ರಾಂ ಒಂದೊಂದು ಸಲ ಪಟದ ಮುಖವನ್ನೇ ಹಿಡಿಯುತ್ತದೆ. ಒಂದಕ್ಕಿಂತ ಜಾಸ್ತಿ ಮುಖ ಸಿಕ್ಕರೆ ದೊಡ್ಡದನ್ನೇ ಆರಿಸು ಅಂತ ಹೇಳಿ. ಒಂದೂ ಸಿಗದ ಫೋಟೋಗಳನ್ನು ಬೇರೆ ಫೋಲ್ಡರಿಗೆ ಹಾಕಿಸಿ ಕೈಯಿಂದ ಮಾಡಿ.

ಕೊನೆಗೆ ಪರದೆಯ ಮೇಲೆ ಸಾಲು ಸಾಲಾಗಿ ದೊಡ್ಡ ಐಕಾನ್ ತೆರೆದು ಒಂದು ಅಡಿಪಟ್ಟಿಯನ್ನು ಅಡ್ಡ ಹಿಡಿಯಿರಿ. ಒಂದು ಸಾಲಿನ ಎಲ್ಲರ ಕಣ್ಣೂ ಪಟ್ಟಿಯ ಅಂಚಿನ ಮೇಲೆ ಕೂರಬೇಕು. ಯಾರ ಕಣ್ಣು ಮೇಲೆ ಕೆಳಗೆ ಇದೆಯೋ ಅವರದ್ದು ಮತ್ತೆ ಮಾಡಿ.

ಫೋಟೋ ಅಡ್ಡ ಬಿದ್ದಿದೆ

ಫೋಲ್ಡರಿನಲ್ಲಿ ನೋಡಿದರೆ ನೆಟ್ಟಗೆ, ಕ್ರಾಪ್ ಆದ ಮೇಲೆ ಅಡ್ಡ. ಮಗು ಮಲಗಿದಂತೆ. ಮೊಬೈಲನ್ನು ಹೇಗೆ ಹಿಡಿದರೂ ಅದರೊಳಗಿನ ಸೆನ್ಸರ್ ಸಾಮಾನ್ಯವಾಗಿ ಅಡ್ಡವಾಗಿಯೇ ಬರೆಯುತ್ತದೆ. ಜೊತೆಗೆ 'ಇದನ್ನು ಹೀಗೆ ತಿರುಗಿಸಿ ತೋರಿಸು' ಅಂತ ಫೈಲಿನೊಳಗೆ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಒಂದು ಅಂಕಿ ಇಡುತ್ತದೆ. 1 ಅಂದರೆ ಇದ್ದಂತೆ, 3 ಅಂದರೆ ತಲೆಕೆಳಗು, 6 ಮತ್ತು 8 ಅಂದರೆ ಒಂದೊಂದು ಬದಿಗೆ. ನೋಡುವ ಪ್ರೋಗ್ರಾಂ ಅದನ್ನು ಓದುತ್ತದೆ, ಕ್ರಾಪ್ ಮಾಡುವುದು ಎಲ್ಲಾ ಸಲ ಓದುವುದಿಲ್ಲ.

ಗುರುತಿಸುವುದು ಹೀಗೆ: ಕೇಬಲ್ ಹಾಕಿ ಮೊಬೈಲಿನಿಂದ ಕಂಪ್ಯೂಟರಿಗೆ ಇಳಿಸಿದ ಫೋಟೋಗಳು ಅಡ್ಡ ಬಿದ್ದು, ವಾಟ್ಸಾಪ್‌ನಲ್ಲಿ ಬಂದವು ನೆಟ್ಟಗಿದ್ದರೆ ಕಾರಣ ಇದೇ. ವಾಟ್ಸಾಪ್ ಕಳಿಸುವಾಗಲೇ ತಿರುಗಿಸಿ ಆ ಮಾಹಿತಿ ತೆಗೆದುಬಿಡುತ್ತದೆ. ಇಮೇಜ್‌ಮ್ಯಾಜಿಕ್‌ನಲ್ಲಿ 'ಆಟೋ ಓರಿಯೆಂಟ್' ಎನ್ನುವುದನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಮಾಹಿತಿ ಅಳಿಸುವ 'ಸ್ಟ್ರಿಪ್' ಅದಕ್ಕಿಂತ ಮುಂಚೆ ಇದ್ದರೆ ಯಾವ ಕಡೆ ತಿರುಗಿಸಬೇಕು ಅನ್ನುವುದೇ ಅಳಿದುಹೋಗುತ್ತದೆ. ಯಾರಾದರೂ ಕೈಯಿಂದ ತಿರುಗಿಸಿ ಅಂಕಿಯನ್ನು ಹಾಗೇ ಬಿಟ್ಟಿದ್ದರೆ ಎರಡು ಸಲ ತಿರುಗುತ್ತದೆ. ಅಂಥವಕ್ಕೆ ಅಂಕಿಯನ್ನು 1 ಮಾಡಿ.

ಬೇಗ ಮುಗಿಯುವ ಕೆಲವು

ಐಫೋನ್ ಫೋಟೋಗಳು ಬ್ಯಾಚ್‌ನಲ್ಲಿ ಕಾಣೆಯಾದರೆ ಅವು ಜೆಪೆಗ್ ಅಲ್ಲದ, ಎಚ್‌ಇಐಸಿ ಎಂಬ ಬೇರೆ ಬಗೆಯ ಫೈಲುಗಳು. 2017ರ ಐಒಎಸ್ 11ರಿಂದ ಈಚೆಗೆ ಹೀಗೆ ಬರುತ್ತಿವೆ. ಹೆಸರಿನ ಕೊನೆ ಬದಲಿಸಿದರೆ ಜೆಪೆಗ್ ಆಗುವುದಿಲ್ಲ, ಪರಿವರ್ತನೆಯೇ ಮಾಡಬೇಕು.

ಮುಖ ಮಸುಕಾಗಿದ್ದರೆ ಗುಂಪು ಫೋಟೋದಿಂದ ಕತ್ತರಿಸಿರುತ್ತಾರೆ. ಡಿಪಿಐ ಅಂಕಿಯನ್ನು 300 ಅಂತ ತಿದ್ದಿದರೆ ಹೊಸ ಪಿಕ್ಸೆಲ್ ಹುಟ್ಟುವುದಿಲ್ಲ. ಪಾಲಕರಿಗೆ ಹೇಳಿ ವಾಟ್ಸಾಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿಕೊಳ್ಳಿ, ಮೂಲ ಫೈಲೇ ಬರುತ್ತದೆ.

ಬಣ್ಣ ಸಪ್ಪೆಯಾಗಿದ್ದರೆ ಕಲರ್ ಪ್ರೊಫೈಲ್ (ಬಣ್ಣ ಹೇಗೆ ತೋರಿಸಬೇಕು ಅನ್ನುವ ಮಾಹಿತಿ) ಅಳಿದಿದೆ. ಮೊದಲು ಸಾಮಾನ್ಯ ಪರದೆಗಳ ಬಣ್ಣ ಪದ್ಧತಿಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಆಮೇಲೆ ಅಳಿಸಿ.

ಒಬ್ಬರ ಹೆಸರಿಗೆ ಇನ್ನೊಬ್ಬರ ಫೋಟೋ

ಎಲ್ಲಕ್ಕಿಂತ ಕೆಟ್ಟ ದೋಷ ಇದು, ಯಾಕೆಂದರೆ ಫೋಟೋ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

1ನೇ ಕಾರ್ಡ್ ಸರಿ, 2ನೇ ಕಾರ್ಡಿನಲ್ಲಿ 10ನೇ ಮಗುವಿನ ಫೋಟೋ, 3ನೇ ಕಾರ್ಡಿನಲ್ಲಿ 100ನೇ ಮಗುವಿನದು ಬಂದಿದ್ದರೆ ಫೈಲುಗಳ ಕ್ರಮ ತಪ್ಪಿದೆ. ವಿಂಡೋಸ್ ಫೋಲ್ಡರ್ 1, 2, 3 ಅಂತ ಸಂಖ್ಯೆಯಾಗಿ ಜೋಡಿಸಿ ತೋರಿಸುತ್ತದೆ. ಅನೇಕ ಸ್ಕ್ರಿಪ್ಟ್‌ಗಳು ಅಕ್ಷರದಂತೆ ಓದಿ 1, 10, 100, 101 ಅಂತ ಹೋಗುತ್ತವೆ. ಮೊದಲ ಕಾರ್ಡ್ ಮಾತ್ರ ನೋಡಿ ಪ್ರಿಂಟಿಗೆ ಕೊಟ್ಟರೆ ಮೋಸ ಹೋಗುತ್ತೀರಿ. ಹೆಸರುಗಳನ್ನು 001, 002, 010 ಅಂತ ಮೂರು ಅಂಕಿಯಲ್ಲಿ ಇಡಿ. ಕನ್ನಡದಲ್ಲಿ ಫೈಲ್ ಹೆಸರು ಇಟ್ಟರೆ ಹಳೆಯ ಪ್ರೋಗ್ರಾಂಗಳು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ನಿಲ್ಲಬಹುದು. ಇಲ್ಲಿ ಬರೀ ಅಂಕಿಯೇ ಒಳ್ಳೆಯದು.

ಒಂದು ನಂಬರಿನವರೆಗೆ ಎಲ್ಲಾ ಸರಿ ಇದ್ದು ಅಲ್ಲಿಂದ ಮುಂದೆ ಒಂದೊಂದು ಸ್ಥಾನ ಸರಿದಿದ್ದರೆ ಕಾರಣ ಬೇರೆ. ಆ ನಂಬರಿನ ಮಗು ಅಂದು ಬಂದಿರಲಿಲ್ಲ, ಇಲ್ಲವೇ ಕಣ್ಣು ಮುಚ್ಚಿತ್ತು ಅಂತ ಎರಡು ಸಲ ಫೋಟೋ ತೆಗೆದಿದ್ದಾರೆ. ಸರಿದ ಜಾಗದ ಮೊದಲ ಮಗುವನ್ನು ಹಿಡಿದರೆ ಸಾಕು, ಮುಂದಿನದೆಲ್ಲ ಒಂದೇ ಏಟಿಗೆ ಸರಿಯಾಗುತ್ತದೆ. ಕ್ರಮವನ್ನು ನಂಬದೆ ಇರುವುದು ಇನ್ನೂ ಒಳ್ಳೆಯದು. ಎಕ್ಸೆಲ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಫೈಲ್ ಹೆಸರನ್ನೇ ಬರೆಯಿರಿ. ಪುಟ ಜೋಡಿಸುವ ಇನ್‌ಡಿಸೈನ್‌ನ ಡೇಟಾ ಮರ್ಜ್‌ನಲ್ಲಿ (ಪಟ್ಟಿಯಿಂದ ಕಾರ್ಡ್ ತುಂಬುವ ಸೌಲಭ್ಯ) ಆ ಕಾಲಂ ತಲೆಬರಹದ ಶುರುವಿಗೆ @ ಹಾಕಿದರೆ ಅದು ಫೋಟೋವನ್ನೇ ಎತ್ತಿಕೊಳ್ಳುತ್ತದೆ. ಎಕ್ಸೆಲ್ @ ಗುರುತಿಗೆ ತಕರಾರು ಮಾಡಿದರೆ ಅದಕ್ಕಿಂತ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ.

ಪ್ರಿಂಟಿಗೆ ಕೊಡುವ ಮೊದಲು ತರಗತಿಗೊಂದು ಹಾಳೆ ತೆಗೆಯುತ್ತೇನೆ. ಮುಖ, ಕೆಳಗೆ ಹೆಸರು, ಅಷ್ಟೇ. ಅದನ್ನು ಕ್ಲಾಸ್ ಟೀಚರ್ ಕೈಗೇ ಕೊಡುತ್ತೇನೆ, ಆಫೀಸಿಗೆ ಅಲ್ಲ. ಹೋದ ಸಲ ನಾಲ್ಕನೇ ತರಗತಿಯ ಹಾಳೆ ನೋಡಿದ ಟೀಚರ್ ಎರಡು ಮುಖಗಳ ಮೇಲೆ ಬೆರಳಿಟ್ಟರು. "ಇವ್ರು ಅವಳಿ ಹುಡುಗರು ನೋಡ್ರಿ. ಹೆಸರು ಅದಲು ಬದಲು ಆಗ್ಯಾವ. ಹುಬ್ಬಿನ ಮ್ಯಾಲ ಗಾಯದ ಕಲೆ ಇರೋದು ಸಣ್ಣಂವಗ" ಅಂದರು. ಅಂಗಡಿಗೆ ಬಂದು ಎರಡು ಫೈಲಿನ ಹೆಸರು ಬದಲಿಸಿ ಪ್ರಿಂಟಿಗೆ ಹಾಕಿದೆ.